ಸೂಲಂಗಿ ಬಣ್ಣದ ಸೀರೆ

ನನ್ನ ಅವ್ವ ಗಂಗವ್ವನಿಗೆ,

ಹೆಸರು ಹಿಡಿದು ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಬನಹಟ್ಟಿಯ ನಮ್ಮ ಓಣಿಯಲ್ಲಿ ಈ ಹೆಸರನ್ನು ಯಾರಾದರೂ ಕೂಗಿದ್ದನ್ನು ನಾನು ಕೇಳಿದ್ದು ರೇಷನ್ ಅಂಗಡಿಯ ಮುಂದೆ ಮಾತ್ರ. ಉಳಿದಂತೆ ನೀನು ಪರಪ್ಪನ ಹೇಂತಿ, ಇಲ್ಲವೇ ಅಣ್ಣನ ಹೆಸರು ಹಿಡಿದು ಬಸುನ ಅವ್ವ. ನೀನು ಹೋದ ದಿನವೂ ದಾರಿಯಲ್ಲಿ ನಿಂತವರು "ಯಾರ ಹೋದ್ರ?" ಅಂದರು. "ಪರಪ್ಪನ ಹೇಂತಿ" ಅಂದರು ಇನ್ನೊಬ್ಬರು. ನಾನು ಬಾಗಿಲಲ್ಲೇ ಇದ್ದೆ. ತಿದ್ದಬೇಕು ಅನಿಸಿತು. ಆದರೆ ಹೆಣ ಒಳಗಿಟ್ಟುಕೊಂಡು ಯಾರಾದರೂ ಹೆಸರಿಗಾಗಿ ಜಗಳ ತೆಗೆಯುತ್ತಾರೆಯೇ?

ನಾನು ಟೇಲರಿಂಗ್ ಕ್ಲಾಸು ಅರ್ಧಕ್ಕೆ ಬಿಟ್ಟು ಮನೆಗೆ ಬಂದ ಮಧ್ಯಾಹ್ನ ನೆನಪಿದೆಯಾ? ಜಮಖಂಡಿ ಕಾಲೇಜನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ಫೇಲಾಗಿ ಅಲ್ಲ, ಅಲ್ಲಿ ಕೂರಲು ಆಗಲಿಲ್ಲ, ಅಷ್ಟೇ. ಒಳಗೆ ಬಂದರೆ ಮಗ್ಗದ ಸದ್ದು. ಅಪ್ಪ ಪಾವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಹೋಗತೊಡಗಿದ ಮೇಲೆ ನಮ್ಮ ಮನೆಯ ಕೈಮಗ್ಗದ ಮೇಲೆ ಉಳ್ಳಾಗಡ್ಡಿ ಬುಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ನೋಡಿದರೆ ಬುಟ್ಟಿ ನೆಲದ ಮೇಲಿತ್ತು, ನೀನು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದೆ. ನನ್ನನ್ನು ಕಂಡು, ಕದಿಯಲು ಬಂದವಳ ಹಾಗೆ ಎದ್ದು ನಿಂತೆ.

"ಲೇ ರೇಣಿ, ನಿಮ್ಮಪ್ಪಗ ಹೇಳಬ್ಯಾಡ."

"ಏನ ಹೇಳಬಾರದಬೇ?"

"ಕುಣಿಯಾಗ ಇಳದಿದ್ದೆ ಅಂತ."

ಬೇರೆ ಮನೆಗಳಲ್ಲಿ ಹೆಂಗಸರು ನೇಯುತ್ತಿದ್ದರು. ನಮ್ಮಲ್ಲಿ ಇಲ್ಲ. ಕುಣಿ ಗಂಡಸರದು ಎಂದು ಅಜ್ಜ ಹಾಕಿದ ಕಟ್ಟು. ಮದುವೆಯಾಗಿ ಬಂದಾಗಿನಿಂದ ನೀನು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಮಗ್ಗದ ಉದ್ದೆಳೆಯ ಹಾಸಿನಲ್ಲಿ ಹಳೆಯದರ ತುದಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದೆ. ಎಲ್ಲ ಸಿದ್ಧಮಾಡಿ ಕೊಟ್ಟು ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ. ಸೀರೆ ಮಾತ್ರ ಅಪ್ಪ ನೇಯ್ದ ಸೀರೆ.

ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾದ ದಿನ ನೀನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವನು ನಕ್ಕುಬಿಟ್ಟ. "ಆಡ್ಲಿ ಬಿಡು. ಹೊತ್ತ ಹೋಗಾಕ ಏನರ ಬೇಕಲ್ಲ." ಆಗ ನಿನ್ನ ಮುಖ ನೋಡಿದೆ. ಅವನು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ನನಗೆ. ನಿನಗೂ ಹಾಗೇ ಅನಿಸಿತ್ತಾ?

ನೂಲಿಗೆ ಬಣ್ಣ ಹಾಕಿಸಲು ನನ್ನನ್ನೇ ಕರೆದುಕೊಂಡು ಹೋಗಿದ್ದೆ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಬ್ಬಿನ ಸೂಲಂಗಿಯ ಎಳೆ ಬಿಚ್ಚಿ ಬಣ್ಣದವನ ಅಂಗೈಗೆ ಇಟ್ಟೆ. ಕಟಾವಿಗೆ ಮುಂಚೆ ಕಬ್ಬಿನ ನೆತ್ತಿಯಲ್ಲಿ ಗರಿಯಂತೆ ಮೂಡುವ ಆ ಹೂವಿನ ಬಣ್ಣ. ಬೆಳ್ಳಿಯೂ ಅಲ್ಲ, ನಸುಗೆಂಪೂ ಅಲ್ಲ.

"ತಂಗಿ, ಇದು ಒಲಿ ಬೂದಿ ಬಣ್ಣ ಆಕ್ಕೈತಿ. ಮುತ್ತೈದಿ ಉಡೂದಲ್ಲ."

"ಒಲಿ ಮುಂದ ಕುಂತಾಕಿ ನಾನು. ಬೂದಿ ಬಣ್ಣ ನಂಗ ತೋರಸ್ತೀ ಏನಣ್ಣಾ? ಇದು ಸೂಲಂಗಿ. ಸುಮ್ಮ ಅದ್ದು."

ದಾರಿಯುದ್ದಕ್ಕೂ ನಾನು ನಗುತ್ತ ಬಂದೆ. ನೀನು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆಮೇಲೆ ಆ ಬೀಳಗಿಯ ಮಾತು. ನಾನು ಕಂಡಿಕೆ ಸುತ್ತುತ್ತ, ಅರ್ಧಕ್ಕೆ ಬಿಟ್ಟು ಎದ್ದು, ಮತ್ತೆ ಬಂದು ಕೂರುತ್ತ ಇದ್ದೆ. ನೀನು ಲಾಳಿ ಹಿಡಿದ ಕೈ ನಿಲ್ಲಿಸಿ ಅಂದೆ: "ಇದನ್ನ ಉಟಗೊಂಡು ಬೀಳಗಿಗಿ ಹೋಗಾಕಿ ನಾನು."

"ಅಲ್ಲ್ಯಾರದಾರ?"

"ಯಾರೂ ಇಲ್ಲ. ಅದಕ್ಕ." ಹಿನ್ನೀರು ಅಲ್ಲಿ ಆಚೆ ದಂಡೆ ಕಾಣದಷ್ಟು ಹರಡಿದೆಯೆಂದು ಯಾರೋ ಹೇಳಿದ್ದರಂತೆ. ನೀರು ಕಂಡಿದ್ದೀಯಲ್ಲ ಎಂದು ನಾನು ಹಿಪ್ಪರಗಿಯ ಹೊಳೆ ನೆನಪಿಸಿದೆ. "ಅದು ತಂಗಿ ಬಾಣಂತನಕ್ಕ ಹೋದಾಗ ಕಂಡದ್ದು. ಮುಧೋಳ ಕಂಡದ್ದು ಬಸುಗ ಹೆಣ್ಣ ನೋಡಾಕ ಹೋದಾಗ. ಜಮಖಂಡಿ ಅಂದ್ರ ದವಾಖಾನಿ. ಕೆಲಸ ಇಲ್ಲದ ಬಸ್ ಹತ್ತೇ ಇಲ್ಲ ನೋಡಲೇ ನಾನು." ತುಸು ಹೊತ್ತು ನೇಯ್ದು ಮತ್ತೆ ಅಂದೆ, "ಇದಕ್ಕ ಬ್ಯಾರೆ ನೂಲಿನ ಸೆರಗ ಕೂಡಸೂದಿಲ್ಲ. ತಲಿ ಮ್ಯಾಲೆ ಹೊಚ್ಚಿಕೊಳ್ಳೂದ ಸಾಕಾಗೇತಿ." ಇಬ್ಬರೂ ಎಷ್ಟು ನಕ್ಕೆವು!

ನೀನು ಮಗ್ಗದ ಮೇಲೆ ಕೂತಾಗಲೇ ಹೋದೆ ಎಂದು ಬರೆಯುವ ಆಸೆ ನನಗೆ. ಬರೆದರೆ ಸುಳ್ಳಾಗುತ್ತದೆ. ಅಪ್ಪನಿಗೆ ರೊಟ್ಟಿ ಬಡಿಸುತ್ತ ಎದೆ ಹಿಡಿದುಕೊಂಡು ಕುಸಿದೆ. ಮಗ್ಗದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೇಯ್ದಾಗಿತ್ತು.

ಮಾವ ತವರಿನ ಹಸಿರು ಸೀರೆ ತಂದ. ಅಪ್ಪನ ಕಡೆಯಿಂದಲೂ ಒಂದು ಹಸಿರು ಸೀರೆ ಬಂತು. ಹುಟ್ಟಿದ ಮನೆಯದೊಂದು, ಕೊಟ್ಟ ಮನೆಯದೊಂದು. ನಿನ್ನದು? ನಾನು ಕತ್ತರಿ ತಂದು, ಮಗ್ಗದಲ್ಲಿರುವುದನ್ನು ಕತ್ತರಿಸಿ ಹೊದಿಸೋಣ ಅಂದೆ. ಸೋದರತ್ತೆ ಕತ್ತರಿ ಕಿತ್ತುಕೊಂಡಳು. "ಹುಚ್ಚೀ, ಅರ್ಧ ಸೀರಿ ಹೊಚ್ಚಿ ಮುತ್ತೈದಿನ ಕಳಸ್ತಾರೇನ? ಅದೂ ಬೂದಿ ಬಣ್ಣದ್ದು! ನಿಮ್ಮಪ್ಪ ಗಟ್ಟಿ ಅದಾನಲೇ ಇನ್ನ." ಸೂಲಂಗಿ ಅಂದೆ. ಯಾರಿಗೂ ಕೇಳಿಸಲಿಲ್ಲ. ಹಸಿರುಟ್ಟು ಹೋದೆ ನೀನು. ಚೆಂದ ಕಾಣುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ಮಗ್ಗದ ಸದ್ದು ಕೇಳಿ ಎದ್ದು ಓಡಿ ಬಂದೆ. ಅಪ್ಪ ಕೂತಿದ್ದ. ಅರ್ಧ ನೇಯ್ದ ಹಾಸನ್ನು ಸತ್ತವರ ಮನೆಯ ಮಗ್ಗದಲ್ಲಿ ಬಿಡಬಾರದಂತೆ. ಶೆಡ್ಡಿಗೆ ರಜೆ ಹಾಕಿ ನೇಯ್ದ. ಅಳುತ್ತಿದ್ದ, ಅಳುತ್ತಲೇ ನೇಯ್ದ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಎಳೆ ಬಡಿದು ಕೂರಿಸುವ ನಿನ್ನ ಏಟು ಹಗುರ, ಅವನದು ಬಿಗಿ. ನೀನು ಬಿಟ್ಟ ಕಡೆಗೂ ಅವನು ಹಿಡಿದ ಕಡೆಗೂ ನಡುವೆ ಒಂದು ಗೆರೆ ಎದ್ದು ಕಂಡಿತು. ಕೊನೆಗೆ ಕೆಂಪು ಸೆರಗನ್ನೂ ಕೂಡಿಸಿದ.

"ಅಪ್ಪಾ, ಅವ್ವ ಸೆರಗ ಬ್ಯಾಡ ಅಂದಿದ್ಲು."

"ಸೆರಗ ಇಲ್ಲದ ಸೀರಿ ಅಂತಾರೇನಲೇ ಅದಕ್ಕ? ಚಾಷ್ಟಿ ಮಾಡಿರಬೇಕ ಅಕಿ."

ಓಣಿಯೇ ಬಂದು ನೋಡಿತು. "ಹೇಂತಿ ಮ್ಯಾಲೆ ಏನ ಜೀಂವ ಪರಪ್ಪಂದು!" ಅಂದರು. ನೀನು ನೇಯ್ದದ್ದು ಅವನ ಪ್ರೀತಿಯಾಗಿ ಹೋಯಿತು, ಅವ್ವ. ಒಬ್ಬರಾದರೂ ಆ ಗೆರೆ ಯಾಕಿದೆ ಎಂದು ಕೇಳಬೇಡವೇ?

ಬಸುವಣ್ಣನ ಮದುವೆಯಲ್ಲಿ ಅದನ್ನು ವೈನಿಗೆ ಕೊಡುವುದೆಂದಾಯಿತು. ಮುಧೋಳದಲ್ಲಿ ನೀನೇ ನೋಡಿ ಒಪ್ಪಿದ್ದ ಹುಡುಗಿ. ನಾನು ಜಗಳ ತೆಗೆದೆ. ಅದು ಅವ್ವ ತನಗೆಂದು ನೇಯ್ದದ್ದು, ಇಡೀ ಜನ್ಮಕ್ಕೆ ಅದೊಂದೇ ಅಂದೆ. ಅಪ್ಪ ಸಿಟ್ಟಾಗಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ತನಗ ಅಂದ್ರ ಯಾರಿಗಲೇ? ಅಕಿ ಬ್ಯಾರೆ, ಮನಿ ಬ್ಯಾರೆ ಏನ?"

ವೈನಿ ಉಟ್ಟು ಕೂತಾಗ ನೋಡಿದೆ. ನೀನು ನೇಯ್ದ ಭಾಗ ಸೊಂಟಕ್ಕೆ ಸಿಕ್ಕಿಸುವ ಕಡೆ, ನೆರಿಗೆಯ ಒಳಗೆ. ಎದೆಯ ಮೇಲೆ, ತಲೆಯ ಮೇಲೆ, ಜನರ ಕಣ್ಣಿಗೆ ಬೀಳುವಲ್ಲೆಲ್ಲ ಅಪ್ಪನ ನೇಯ್ಗೆ, ಅಪ್ಪನ ಕೆಂಪು ಸೆರಗು. ಅದನ್ನೇ ತಲೆಗೆ ಹೊದ್ದು ಅವಳು ಹಿರಿಯರ ಕಾಲಿಗೆ ಬಿದ್ದಳು. ನನಗೆ ಅಳು ಬರಲಿಲ್ಲ. ಅಲ್ಲಿ ಏನೋ ಪೂರ್ತಿ ಮುಗಿದುಹೋಯಿತು ಅನಿಸಿತು, ಅಷ್ಟೇ.

ಆಮೇಲೊಂದು ದಿನ ಸೀರೆ ಮಡಚುತ್ತ ವೈನಿ ಆ ಗೆರೆಯ ಮೇಲೆ ಬೆರಳಾಡಿಸಿದಳು. "ಇಲ್ಲಿ ನೇಯೂದ್ರಾಗ ತಪ್ಪಾಗೇತಿ ನೋಡ್ರಿ. ಈ ಕಡೆ ಎಲ್ಲಾ ಸಡ್ಲ ಐತಿ."

"ತಪ್ಪಲ್ಲ ವೈನಿ. ಆ ಕಡೆ ಎಲ್ಲಾ ನಮ್ಮವ್ವ." ಸೂಲಂಗಿ, ಬಣ್ಣದವನು, ಬೀಳಗಿ ಎಲ್ಲ ಹೇಳಿದೆ. ಕೈ ನಿಲ್ಲಿಸಿ ಕೇಳಿದಳು. ಒಂದು ಕ್ಷಣ ನನಗೆ ಆಸೆ ಹುಟ್ಟಿತು. ಯಾಕೆ ಸುಳ್ಳು ಹೇಳಲಿ, ದೊಡ್ಡ ಆಸೆಯೇ. "ಇಬ್ಬರೂ ಹೋಗೂಣ್ರಿ. ನೀವು ಇದನ್ನ ಉಟಗೊಂಡು ಬರ್ರಿ."

"ಏನಂತ ಹೇಳಿ ಬರ್ಲಿ?"

ಅವಳು ಸೀರೆಯನ್ನು ಟ್ರಂಕಿನ ತಳಕ್ಕೆ ಇಟ್ಟಳು.

ಒಬ್ಬಳೇ ಹೋದೆ. ಜಮಖಂಡಿಯಲ್ಲಿ ಬೀಳಗಿ ಬಸ್ಸು ಹತ್ತಿದೆ. ಪಕ್ಕದ ಮುದುಕಿ "ಯಾರ ಮನಿಗಿ ಹೊಂಟಿಯವ್ವಾ?" ಅಂದಳು. ಯಾರ ಮನೆಗೂ ಇಲ್ಲ ಅಂದೆ. ಅವಳು ನನ್ನ ಕೊರಳು ನೋಡಿದಳು, ತಾಳಿ ಇದೆಯೋ ಇಲ್ಲವೋ ಎಂದು. ಬೀಳಗಿಯಿಂದ ಟಂಟಂ ಆಟೊ ಹಿಡಿದು ನೀರಿನ ದಂಡೆಗೆ ಹೋದೆ. ಖರೆ ಹೇಳುತ್ತೇನೆ ಅವ್ವ, ಏನೂ ಆಗಲಿಲ್ಲ. ನೀರು ಹಿಂದೆ ಸರಿದಿತ್ತು. ಕೆಸರು, ಜಾಲಿಯ ಕಂಟಿ, ದೂರದಲ್ಲಿ ಬೂದಿಯಂಥ ಒಂದು ಹರವು. ಆಚೆ ದಂಡೆಯೂ ಕಾಣುತ್ತಿತ್ತು. ನೀನಿದ್ದರೆ ನಿನಗೇನಾದರೂ ಕಾಣುತ್ತಿತ್ತೇನೋ. ಅದು ನಿನ್ನ ಆಸೆ. ನನ್ನದು ಏನು ಎಂದು ನನಗೆ ಇನ್ನೂ ಗೊತ್ತಿಲ್ಲ. ಮಗ್ಗವೂ ನನಗೆ ಸೇರುವುದಿಲ್ಲ. ನಿನ್ನ ಹಾದಿಯಲ್ಲಿ ನಡೆಯುತ್ತೇನೆ ಎಂದು ಬರೆದರೆ ನೀನು ಖುಷಿಪಡುತ್ತಿದ್ದೆ, ಆದರೆ ಅದೂ ಸುಳ್ಳಾಗುತ್ತದೆ.

ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ನೀನು ಕುಸಿದ ಜಾಗದಲ್ಲಿ ನಿಂತು ವೈನಿ ರೊಟ್ಟಿ ಬಡಿಸುತ್ತಿದ್ದಳು.

"ಎಲ್ಲಿಗಿ ಹೋಗಿದ್ದಿ?"

"ಬೀಳಗಿಗಿ."

"ಏನ ಕೆಲಸ ಇತ್ತ?"

"ಏನಿಲ್ಲ."

ಅಪ್ಪ ಬೈಯಲಿಲ್ಲ. ತುತ್ತು ಕೈಯಲ್ಲೇ ಹಿಡಿದು, ತಿಳಿಯದ್ದನ್ನು ಕೇಳುವವನ ಹಾಗೆ ಕೇಳಿದ: "ನಮ್ಮ ಮನ್ಯಾಗ ಹೆಣ್ಣಮಕ್ಕಳ ಯಾರರ ಹಂಗ ಹೋಗ್ಯಾರೇನಲೇ?"

ವೈನಿ ನನ್ನ ಕಡೆ ನೋಡಿದಳು. ಹೋಗಿದ್ದಾರೆ ಅನ್ನಲು ಬಾಯಿ ತೆರೆದೆ. ಅನ್ನಲಿಲ್ಲ. ಹಾಗನ್ನಬೇಕಾಗಿದ್ದರೆ ನೀನು ಹೋಗಿರಬೇಕಿತ್ತು, ಅವ್ವ.

ನಿನ್ನ
ರೇಣಿ