ಅಪ್ಪನ ರೇಡಿಯೊದ ಸೆಲ್

ಅಕ್ಕಾ,

ಫೈನಲ್ ನೋಡಲು ಗೆಳೆಯರನ್ನು ಮತ್ತೆ ಮನೆಗೆ ಕರೆಯಬೇಕಿತ್ತೇ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಈಗ ಬೇಡ ಎನ್ನುವ ಹಾಗಿಲ್ಲ. ಆರಕ್ಕೆ ಬರುತ್ತಾರೆ. ನಾನು ಕೆಲಸ ಮುಗಿಸಿ ಬರುವಾಗ ಏಳಾಗುತ್ತದೆ.

ಚಾಪೆ ಹಾಸಿಡು. ಕಡಲೆಕಾಯಿ ಹುರಿದಿಟ್ಟಿದ್ದೇನೆ. ಡಬ್ಬಿಯ ಮುಚ್ಚಳ ಬಿಗಿ, ಚಮಚದಿಂದ ಮೀಟು.

ಅಪ್ಪನನ್ನು ಒಳಕೋಣೆಗೆ ಕಳಿಸಬೇಡ. ಟಿವಿ ಮುಂದೆ, ಅವರ ಕುರ್ಚಿಯಲ್ಲೇ ಕೂರಿಸು.

ಸೆಮಿಫೈನಲ್ ದಿನ ನೀನು ಊರಲ್ಲಿರಲಿಲ್ಲ. ಟಿವಿಗಿಂತ ರೇಡಿಯೊ ನಾಲ್ಕು ಕ್ಷಣ ಮುಂದು. ಕಣ್ಣು ಕಾಣದ ಅಪ್ಪ ಒಳಗಿನಿಂದ ‘ಗೋಲ್!’ ಎಂದು ಕೂಗಿದಾಗ ನಮ್ಮ ಟಿವಿಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಇತ್ತು.

‘ನಿಮ್ಮಪ್ಪ ಜ್ಯೋತಿಷಿ ಕಣೋ, ಸ್ವಲ್ಪ ಬಾಯಿ ಮುಚ್ಚಿಸೋ’ ಎಂದ ಡುಮ್ಮ. ಎಲ್ಲರೂ ನಕ್ಕರು. ವಿರಾಮದಲ್ಲಿ ಅಪ್ಪ ಬಚ್ಚಲಿಗೆ ಹೋದಾಗ ನಾನು ಸೆಲ್ ತೆಗೆದು ಜೇಬಿಗೆ ಹಾಕಿಕೊಂಡೆ.

ಅವರು ಬಂದು ಗುಂಡಿ ತಿರುವಿ ತಿರುವಿ ನೋಡಿ, ‘ಹೋಗ್ಲಿ ಬಿಡೋ, ಅದಕ್ಕೂ ನನ್ನಷ್ಟೇ ವಯಸ್ಸಾಯ್ತು’ ಅಂದರು. ಆಮೇಲೆ ಅದನ್ನು ಮುಟ್ಟಿಲ್ಲ.

ಸೆಲ್ ಈ ಚೀಟಿಯ ಮೇಲೆಯೇ ಇಟ್ಟಿದ್ದೇನೆ. ಆರಕ್ಕೆ ಮೊದಲು ಹಾಕಿಕೊಡು. ಎಷ್ಟು ಬೇಕಾದರೂ ಕೂಗಲಿ. ಡುಮ್ಮ ಹಲ್ಲು ಕಿಸಿದರೆ ನೀನೇ ಬೈದುಬಿಡು, ನನಗೆ ಅಷ್ಟು ಧೈರ್ಯವಿಲ್ಲ.

ರೇಡಿಯೊ ಕೆಟ್ಟಿರಲಿಲ್ಲ ಎಂದು ನಾನು ಅಪ್ಪನಿಗೆ ಈವರೆಗೂ ಹೇಳಿಲ್ಲ.