ಎಣ್ಣೆಯ ತೂತು

ಬುಕ್ಕಾಂಬುಧಿ, ೧೯೨೬

ತಮ್ಮ ತೀರ್ಥಪ್ಪ,

ನಿನಗೆ ಚಿರಂಜೀವಿ ಎಂದು ಬರೆಯುವುದು ಈಗ ಸಲ್ಲದು; ಹೆಸರನ್ನಷ್ಟೇ ಬರೆದಿದ್ದೇನೆ.

ನಮ್ಮ ಕಮಾನುಗಾಡಿಯ ಕುಲುಕಾಟ ಮಿತಿಮೀರಿತ್ತು. ಈ ದಿನ ಕಮ್ಮಾರ ಮೌನಾಚಾರಿಯನ್ನು ಕರೆಸಿ, ಅಂಗಳದಲ್ಲಿಯೇ ಅಚ್ಚನ್ನು ಕಲ್ಲಿನ ಮೇಲೇರಿಸಿ, ಅಚ್ಚಿನ ಮೇಲಿನ ಉಕ್ಕಿನ ಕಮಾನುಪಟ್ಟಿಗಳ ತುದಿಗಳಲ್ಲಿ ಸವೆದಿದ್ದ ಹಿತ್ತಾಳೆಯ ಬಳೆಗಳನ್ನು, ಆ ಬುಷ್ಷುಗಳನ್ನು, ತೆಗೆಸಿದೆ. ತರೀಕೆರೆಯಿಂದ ತರಿಸಿದ ಹೊಸವುಗಳನ್ನು ಇಬ್ಬರೂ ಸೇರಿ ಕೂರಿಸಿದೆವು.

ಎಣ್ಣೆ ಬಿಡುವ ತೂತನ್ನು ಕಂಬಿಯಿಂದ ಕೆದಕುತ್ತಿದ್ದ ಆಚಾರಿ ನಕ್ಕುಬಿಟ್ಟ.

"ವಿಭೂತಿ ಕಲ್ಲಾಗಿ ಕೂತೈತೆ ಮೇಷ್ಟ್ರೇ. ಗಾಡಿಗೆ ಎಣ್ಣೆ ಬದ್ಲು ಭಕ್ತಿ ಕುಡಿಸಿದೀರಿ."

ಪ್ರತಿ ಆಯುಧಪೂಜೆಯಲ್ಲಿಯೂ ಅಲ್ಲಿ ಮೂರು ಬೆರಳಿನ ಪಟ್ಟೆ ಎಳೆದವನು ನಾನು. "ಎಣ್ಣೆ ದಿನಾ ಬಿಡ್ತೀನಿ ಅಣ್ಣಯ್ಯ, ಒಳಕ್ಕೆ ಇಳೀತಾನೇ ಇಲ್ಲ" ಎಂದು ನೀನು ಹೇಳಿದಾಗ, ಅಜ್ಜಂಪುರದ ಸ್ಟೇಷನ್ನಿನ ಮುಂದೆ ಹತ್ತು ಜನರೆದುರು ನಿನ್ನನ್ನು ಸುಳ್ಳುಗಾರನೆಂದೆ. ಬದುಕಿರುವವರೆಗೂ ನೀನು ಮತ್ತೆ ಆ ಗಾಡಿಯನ್ನು ಹೂಡಲಿಲ್ಲ.

ಸಂಜೆ ನಿನ್ನ ಹೆಂಡತಿ ವಿಮಲಮ್ಮ ನನಗೆ ಮಜ್ಜಿಗೆ ತಂದಳು. ತೆಗೆದಿಟ್ಟ ಹಳೆಯ ಬುಷ್ಷುಗಳನ್ನು ನೋಡಿ, "ಭಾವ, ಅವರು ಎಣ್ಣೆ ಬಿಡ್ದೆ ಇದ್ದದ್ದಕ್ಕೇ ಹಿಂಗಾಯ್ತಾ?" ಎಂದು ಕೇಳಿದಳು.

"ಗಾಡಿ ಹಳೆಯದಮ್ಮ" ಎಂದಷ್ಟೇ ಹೇಳಿದೆ.

ಲೋಟ ಬರಿದಾಗುವವರೆಗೂ ಅವಳು ಅಲ್ಲಿಯೇ ನಿಂತಿದ್ದಳು.

ನಿನ್ನ ಅಣ್ಣ,
ಪಂಚಾಕ್ಷರಪ್ಪ