ನಿಮ್ಮ ಒಂಬತ್ತನೇ ನಿಯಮವೂ ನಮ್ಮ ನಾಯಿಯೂ

ಸರೋವರದಂಡೆಯ ಬಿಡಾರ ತಾಣದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ತಾಣದಲ್ಲಿ ನಮ್ಮ ನಾಯಿ ಕಳೆದುಹೋಗಿ ಇಂದಿಗೆ ಹನ್ನೆರಡು ದಿನ. ಕಳೆದದ್ದು ನಿಮ್ಮ ನಿಯಮದಿಂದ. ಹುಡುಕಲು ಬಿಡದೆ ನಮ್ಮನ್ನು ಹೊರಹಾಕಿದ್ದೂ ನಿಮ್ಮ ನಿಯಮವೇ. ಮೂರು ಅರ್ಜಿ ಕೊಟ್ಟೆ. ಒಂದರ ಮೇಲೆ ‘ತಿರಸ್ಕೃತ’ ಎಂಬ ಮೊಹರು ಬಿತ್ತು, ಉಳಿದೆರಡಕ್ಕೆ ಅಷ್ಟೂ ಭಾಗ್ಯವಿಲ್ಲ. ಆದ್ದರಿಂದ ನಾಲ್ಕನೆಯದನ್ನು ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತನಾದವನು. ನನ್ನ ಹೆಂಡತಿ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಗೈ ಸೋತಿತು, ಮಾತು ನಿಂತಿತು. ಡಾಕ್ಟರು, ಮಗಳು, ನಾನು, ಮೂವರೂ ಮಾತಾಡಿಸಿ ಮಾತಾಡಿಸಿ ಸೋತೆವು. ಐದನೇ ತಿಂಗಳಲ್ಲಿ ಮೆಟ್ಟಿಲ ಬಳಿ ಬಂದು ನಿಂತ ಒಂದು ಬೀದಿನಾಯಿ ಮರಿಗೆ ಅವಳು ‘ಬಾ’ ಎಂದಳು. ಮರಿ ಬಂತು. ಹಿಂದೆಯೇ ಮಾತೂ ಒಂದೊಂದಾಗಿ ಬಂತು. “ನಾವು ಮಾತಾಡಿಸಿದ್ರೆ ಯಾಕೆ ಬಾಯಿ ಬಿಡ್ತಿರಲಿಲ್ಲ?” ಎಂದು ಒಮ್ಮೆ ಕೇಳಿದೆ. ತಡವರಿಸಿ ಅವಳು ಹೇಳಿದ್ದಿಷ್ಟು: “ನೀವು... ತಿದ್ತೀರಿ. ಅವನು... ತಿದ್ದಲ್ಲ.”

ಗಾಡಿ ಓಡುವಾಗ, ಕಿಟಕಿಯ ಪಕ್ಕ ನಾಯಿಯನ್ನು ಕೂರಿಸಿಕೊಂಡರೆ ಅವಳು ಹೆಚ್ಚು ಮಾತಾಡುತ್ತಾಳೆಂದು ಕಂಡುಕೊಂಡೆ. ಗುಜರಿಗೆ ಹೊರಟಿದ್ದ ಮಿನಿಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ, ಸ್ಟೌ, ಸಿಂಕು ಕೂರಿಸಿ ಮನೆಗಾಡಿ ಮಾಡಿದೆ. ನಾವಿಬ್ಬರೂ ಹತ್ತಿ ಬಾಗಿಲು ಮುಚ್ಚುವತನಕ ನಾಯಿ ಮೆಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಮುಚ್ಚಿದ ಮೇಲೆ ಎರಡು ಸಲ ಬೊಗಳಬೇಕು, ಆಗಲೇ ಗಾಡಿ ಹೊರಡಬೇಕು. ಅದಕ್ಕೇ ಅವನ ಹೆಸರು ಕಂಡಕ್ಟರ್. ಸರ್ವಿಸಿನಲ್ಲಿದ್ದಾಗ ಇಷ್ಟು ಶಿಸ್ತಿನ ಕಂಡಕ್ಟರ್ ನನಗೆ ಸಿಕ್ಕಿರಲಿಲ್ಲ.

ಇನ್ನು ನಿಮ್ಮ ತಾಣಕ್ಕೆ ಬರೋಣ. ಗೇಟಿನ ಮೇಲೆ ‘ಸಾಕುಪ್ರಾಣಿಗಳಿಗೂ ಸ್ವಾಗತ’ ಎಂದು ಬರೆಸಿದ್ದೀರಿ. ಒಳಗೆ ಹೋದರೆ ಒಂಬತ್ತನೇ ನಿಯಮ: ನಾಯಿಗಳು ತಾಣದ ನೆಲದ ಮೇಲೆ ಕಾಲಿಡತಕ್ಕದ್ದಲ್ಲ. ಹನ್ನೊಂದನೇ ನಿಯಮ: ಪ್ರಾಣಿಗಳನ್ನು ವಾಹನದೊಳಗೆ ಇರಿಸತಕ್ಕದ್ದಲ್ಲ. ನೆಲದ ಮೇಲೂ ಇರಬಾರದು, ಗಾಡಿಯೊಳಗೂ ಇರಬಾರದು ಎಂದರೆ ನಾಯಿ ಎಲ್ಲಿರಬೇಕು ಸ್ವಾಮೀ? ಗಾಳಿಯಲ್ಲಿ ತೇಲಬೇಕೇ? ಇದನ್ನೇ ಕೇಳಿದ್ದಕ್ಕೆ ನಿಮ್ಮ ಗುಮಾಸ್ತರು, “ಗೇಟಿನ ಹಿಂದೆ ಹಳೇ ಪಂಪ್ ಶೆಡ್ ಇದೆಯಲ್ಲ ಸಾರ್, ಅಲ್ಲಿ ಕಟ್ಟಿ. ಎಲ್ರೂ ಅಲ್ಲೇ ಕಟ್ಟೋದು” ಎಂದರು. ನಮಗೆ ಕೊಟ್ಟದ್ದು ಹದಿನಾಲ್ಕನೇ ನಂಬರಿನ ಜಾಗ, ನೀರಿನಂಚಿನಲ್ಲಿ. ಗಾಡಿ ನಿಲ್ಲಿಸಿ ನಾಯಿಯನ್ನು ಅಲ್ಲೇ ಮೆಟ್ಟಿಲಿಂದ ಇಳಿಸಿದೆವು. ಶೆಡ್ಡು ಅಲ್ಲಿಂದ ಹತ್ತು ನಿಮಿಷದ ನಡಿಗೆ. ಕಟ್ಟಿದೆವು.

ಮಾರನೇ ದಿನ ಮಧ್ಯಾಹ್ನ ಊಟ ಹಿಡಿದುಕೊಂಡು ಹೋದರೆ ಹಗ್ಗದ ತುಂಡು ಮಾತ್ರ ಇತ್ತು. ತಗಡಿನ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ನೀರಿನ ಬಟ್ಟಲು ಮಗುಚಿತ್ತು. ಪೈಪು ತೆಗೆದುಕೊಂಡು ಹೋಗಲು ಬಂದ ಯಾರೋ ಬಾಗಿಲನ್ನು ತೆರೆದೇ ಬಿಟ್ಟುಹೋಗಿದ್ದರು.

“ನಾಯಿ ಎಲ್ರೀ?” ಎಂದು ಗುಮಾಸ್ತರನ್ನು ಕೇಳಿದೆ.

“ಹೋಯ್ತಲ್ಲ ಸಾರ್. ರಿಜಿಸ್ಟರಲ್ಲಿ ಬರ್ದಿದೀನಿ, ನೋಡಿ.”

ನೋಡಿದೆ. ‘ಸದರಿ ನಾಯಿಯು ಸ್ವಇಚ್ಛೆಯಿಂದ ನಿರ್ಗಮಿಸಿರುತ್ತದೆ’ ಎಂದಿತ್ತು.

“ಅದರ ಸಹಿ ತಗೊಂಡ್ರಾ?” ಎಂದೆ. ಅವರು ನಗಲಿಲ್ಲ. ನಾನೂ ನಗಿಸಲು ಕೇಳಿರಲಿಲ್ಲ.

ಆ ಸಂಜೆಯವರೆಗೆ ನನ್ನ ಹೆಂಡತಿ ದಂಡೆಯುದ್ದಕ್ಕೂ ಕೂಗುತ್ತಾ ನಡೆದಳು. ಆ ಹೆಸರಿನ ಮೊದಲಕ್ಷರವೇ ಅವಳಿಗೆ ಕಷ್ಟ, ಆದರೂ ಕೂಗಿದಳು. ಮರುದಿನದಿಂದ ಬಾಯಿ ಮುಚ್ಚಿಬಿಟ್ಟಳು.

ನಿಮ್ಮಲ್ಲಿ ಮೂರು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಅವಧಿ ವಿಸ್ತರಣೆಯ ಫಾರಮಿನಲ್ಲಿ ಅನಾರೋಗ್ಯ, ಪ್ರವಾಹ, ವಾಹನ ದುರಸ್ತಿ ಎಂಬ ಮೂರೇ ಕಾರಣಗಳಿವೆ. ನಿಮ್ಮ ಸಿಬ್ಬಂದಿಯೊಬ್ಬರು, ಯಾರೆಂದು ಹೇಳಲಾರೆ, ನನ್ನ ಕಿವಿಯ ಬಳಿ ಬಂದು, “ಅಣ್ಣಾ, ಗಾಡಿ ಕೆಟ್ಟಿದೆ ಅಂತ ಬರ್ದುಬಿಡಿ. ಯಾರು ಬಗ್ಗಿ ನೋಡ್ತಾರೆ?” ಎಂದರು. ಸರಿಯಿರುವ ಗಾಡಿಯನ್ನು ಕೆಟ್ಟಿದೆಯೆಂದು ನಾನು ಸರ್ವಿಸಿನಲ್ಲಿ ಒಂದು ದಿನವೂ ಬರೆದವನಲ್ಲ. ‘ನಾಯಿ ಕಾಣೆಯಾಗಿದೆ’ ಎಂದು ಬರೆದೆ. ಮೊಹರು ಬಿತ್ತು. ಅಂದು ನಿಮ್ಮ ನಲವತ್ತು ಜಾಗಗಳಲ್ಲಿ ಇಪ್ಪತ್ತಾರು ಖಾಲಿ ಇದ್ದವು. ನಾನು ನಿಂತರೆ ಯಾರ ಗಂಟು ಹೋಗುತ್ತಿತ್ತು?

ಹೆಂಡತಿ ಆ ಮೊಹರು ನೋಡಿ, ಎಡಗೈಯಲ್ಲಿ ಪೆನ್ನು ಹಿಡಿದು, ಅರ್ಜಿಯ ಹಿಂದೆ ಸೊಟ್ಟಗೆ ಬರೆದಳು: ‘ಸುಳ್ಳು ಬರೀಬೇಕಿತ್ತು.’ ನಿಜ ಬರೆದದ್ದು ಪ್ರಾಮಾಣಿಕತೆಯೋ ಹಟವೋ ಎಂದು ಈಗ ನನಗೇ ಅನುಮಾನ. ನಿಮ್ಮ ತಪ್ಪುಗಳ ನಡುವೆ ಇದೊಂದು ನನ್ನದು, ಒಪ್ಪಿಕೊಳ್ಳುತ್ತೇನೆ. ಅವಧಿ ಮುಗಿದಾಗ ಗಾಡಿಯ ಬಾಗಿಲು ಮುಚ್ಚಿದೆ, ಇಂಜಿನ್ ಚಾಲೂ ಮಾಡಿದೆ, ಅಭ್ಯಾಸಬಲದಿಂದ ಎರಡು ಬೊಗಳಿಗೆ ಕಾದೆ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಹೊರಟೆ.

ರಸ್ತೆಬದಿ ನಿಲ್ಲಿಸಲು ಪೊಲೀಸರು ಬಿಡಲಿಲ್ಲ. ಎಂಟು ಕಿಲೋಮೀಟರ್ ಆಚೆ, ಪೆಟ್ರೋಲ್ ಬಂಕಿನ ಹಿಂದೆ ಜಾಗ ಸಿಕ್ಕಿತು. ದಿನವೂ ಬಂದು ಹುಡುಕಿದೆವು, ಸಂದರ್ಶಕರಿಗೆ ನೀವು ದಯಪಾಲಿಸಿರುವ ಅರ್ಧ ಗಂಟೆಯಷ್ಟು. ನಾಯಿ ಕಳೆದ ಒಂಬತ್ತನೇ ದಿನ ಬೆಳಿಗ್ಗೆ, ಕಿವಿಯ ಬಳಿ ಬಂದು ಹೇಳಿದ್ದ ಅದೇ ಸಿಬ್ಬಂದಿಯಿಂದ ಫೋನು ಬಂತು.

“ಅಣ್ಣಾ, ನಿಮ್ಮ ಕಂಡಕ್ಟರು ಬಂದಿದ್ದ. ಹದಿನಾಲ್ಕರಲ್ಲಿ ಕೂತಿದ್ದ, ಖಾಲಿ ಜಾಗದಲ್ಲಿ. ಹೊತ್ತು ಹುಟ್ಟಿದಾಗಿಂದ.”

“ಕೂತಿದ್ದ ಅಂದ್ರೆ? ಈಗ ಎಲ್ಲಿ?”

“ಓಡಿಸಿಬಿಟ್ರು ಅಣ್ಣಾ. ಒಂಬತ್ತನೇ ನಿಯಮ ಅಂತ ಆಫೀಸಿಂದ ಹೇಳಿದ್ರು, ಕೋಲು ತಗೊಂಡು ಇಬ್ರು ಹೋದ್ರು. ಕುಂಟ್ತಾ ಇದ್ದ.”

ಮನೆಗಾಡಿಯನ್ನು ನಾನು ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ಹದಿನಾಲ್ಕರಲ್ಲಿ ಯಾರೂ ಇರಲಿಲ್ಲ. ನಮ್ಮ ಗಾಡಿಯ ಮೆಟ್ಟಿಲು ಇಳಿಯುತ್ತಿದ್ದ ಜಾಗದಲ್ಲೇ ಹುಲ್ಲು ದುಂಡಗೆ ಒತ್ತಿಕೊಂಡಿತ್ತು. ಹೆಂಡತಿ ಮೊಣಕಾಲೂರಿ ಅದರ ಮೇಲೆ ಕೈಯಿಟ್ಟಳು. ಏಳು ದಿನದ ಮೇಲೆ ಬಾಯಿ ತೆರೆದು ಒಂದೇ ಮಾತು ಆಡಿದಳು: “ಕಾದಿದ್ದ.”

ಮಾನ್ಯರೇ, ಎಂಟು ಕಿಲೋಮೀಟರ್ ದೂರದ ಬಂಕು ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ಹದಿನಾಲ್ಕು ಮಾತ್ರ. ಅವನು ಇನ್ನೊಮ್ಮೆ ಬರುತ್ತಾನೋ ಇಲ್ಲವೋ ನಾನರಿಯೆ. ಕೋಲು ಕಂಡ ನಾಯಿಗೆ ಮತ್ತೆ ಬರಲು ಧೈರ್ಯ ಬೇಕು. ಬಂದರೆ ಅಲ್ಲಿ ನಮ್ಮ ಗಾಡಿ ಇರಬೇಕು. ಒಂಬತ್ತನ್ನೂ ಹನ್ನೊಂದನ್ನೂ ಬಿಡುವಾದಾಗ ಕೂತು ತಿದ್ದಿಕೊಳ್ಳಿ. ಈಗ ನನಗೆ ಬೇಕಿರುವುದು ಎರಡೇ: ಕೋಲುಗಳನ್ನು ಒಳಗಿಡಿಸಿ, ಮತ್ತು ನಮ್ಮ ಗಾಡಿಯನ್ನು ಹದಿನಾಲ್ಕರಲ್ಲಿ ನಿಲ್ಲಲು ಬಿಡಿ. ಈ ಪತ್ರಕ್ಕೆ ಉತ್ತರ ಬರೆಯುವ ಶ್ರಮ ಬೇಡ, ಗೇಟಿಗೆ ಒಂದು ಫೋನು ಮಾಡಿ. ನಾಳೆ ಬೆಳಕು ಹರಿಯುವಷ್ಟರಲ್ಲಿ ನಾವಿಬ್ಬರೂ ಅಲ್ಲಿರುತ್ತೇವೆ. ಫಾರಮು ಕೊಟ್ಟರೆ ಈ ಸಲ ಯಾವ ಸುಳ್ಳು ಬೇಕೋ ಹೇಳಿ, ಅದನ್ನೇ ಬರೆದು ಕೊಡುತ್ತೇನೆ.

ಇಂತಿ,
ಪೆಟ್ರೋಲ್ ಬಂಕಿನ ಹಿಂದಿನಿಂದ,
ನಿಜ ಬರೆದು ಕೆಟ್ಟ ಒಬ್ಬ ಹಳೆಯ ಡ್ರೈವರ್